ಗುಡಿ ಹಿಂದಿನ ಓಣಿಯ ಆರು ಮನೆ

ಸೊಲ್ಲಾಪುರದ ಕಡೆಯ ಹನ್ನೂರಿನಲ್ಲಿ ಬಿರೋಬಾ ಗುಡಿಯ ಹಿಂದೆ ಒಂದು ಓಣಿ ಇದೆ. ಅಲ್ಲಿಗೆ ನೀರಿನ ನಳ ಇನ್ನೂ ಬಂದಿಲ್ಲ. ಹೆಂಗಸರು ಕೊಡ ಹೊತ್ತು ಊರ ನಡುವಿನ ಬಾವಿಗೆ ಹೋಗಬೇಕು, ಪಾಳಿ ಕಾಯಬೇಕು, ತುಂಬಿದ ಕೊಡ ಹೊತ್ತು ಮರಳಬೇಕು. ಈ ವರ್ಷ ಮನೆಮನೆಗೂ ನಳ ಕೊಡುವ ಮಾತು ಬಂತು. ಯಾವ ಮನೆಯಲ್ಲಿ ಜನ ಇದ್ದಾರೆ, ಯಾವ ಮನೆಯಲ್ಲಿ ಇಲ್ಲ ಎಂದು ನೋಡಿ ಬರೆಯುವ ಕೆಲಸವನ್ನು ಸೊಲ್ಲಾಪುರದ ಒಂದು ಕಾಲೇಜಿನ ವಿದ್ಯಾರ್ಥಿಗಳು ವಹಿಸಿಕೊಂಡರು.

ಅವರನ್ನು ಕಳಿಸಿದವರು ರಾಜ್ಯಶಾಸ್ತ್ರ ಕಲಿಸುವ ಮಂದಾಕಿನಿ ಮ್ಯಾಡಮ್. ನಾಗರಿಕರ ಹಕ್ಕು, ಕರ್ತವ್ಯ ಎಲ್ಲವನ್ನೂ ಹುಡುಗರು ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಆದರೆ ತಮ್ಮ ಓಣಿಯ ದೀಪ ಕೆಟ್ಟರೆ ಯಾರಿಗೆ ಹೇಳಬೇಕೆಂದು ಒಬ್ಬರಿಗೂ ಗೊತ್ತಿಲ್ಲ ಎಂಬುದು ಅವರ ತಕರಾರು. ಅದಕ್ಕೇ ಈ ಸಲ ಅಂಕಗಳಲ್ಲಿ ಅರ್ಧ ಪರೀಕ್ಷೆಗೆ, ಅರ್ಧ ಊರಿನ ಕೆಲಸಕ್ಕೆ ಎಂದಿದ್ದರು.

ಗುಡಿ ಹಿಂದಿನ ಓಣಿ ಪೂರ್ವಾಳ ಪಾಲಿಗೆ ಬಂತು. ಎರಡನೇ ವರ್ಷದ ಹುಡುಗಿ. ಅಕ್ಷರ ದುಂಡಗೆ, ಕೆಲಸ ಚುರುಕು. ಯಾವುದನ್ನೇ ಆದರೂ ಎಲ್ಲರಿಗಿಂತ ಮೊದಲು ಮುಗಿಸಬೇಕೆಂಬ ಹಟ ಬೇರೆ. ಓಣಿಯಲ್ಲಿ ಹನ್ನೊಂದು ಮನೆ. ಆರು ಮನೆಗಳ ಬಾಗಿಲಿಗೆ ಜಾಲಿ ಮುಳ್ಳಿನ ಕಂಟಿ ಅಡ್ಡ ಇಟ್ಟಿತ್ತು. ಹಾಳುಬಿದ್ದ ಮನೆ ಎಂದುಕೊಂಡಳು. ಯಾರನ್ನೂ ಕೇಳಲಿಲ್ಲ. ಆರರ ಮುಂದೆಯೂ 'ಯಾರೂ ಇರುವುದಿಲ್ಲ' ಎಂದು ಬರೆದು, ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ, ಉಳಿದವರು ಬರುವ ತನಕ ಕಟ್ಟೆಯ ಮೇಲೆ ಆರಾಮವಾಗಿ ಕುಳಿತಳು. ಹೀಗೆ ಬರೆದ ಮನೆಗಳ ಯಾದಿ ಪಂಚಾಯತಿಗೆ ಹೋಯಿತು.

ಆದರೆ ಮಂದಾಕಿನಿ ಮ್ಯಾಡಮ್‌ರದು ಇನ್ನೊಂದು ಪಟ್ಟು ಇತ್ತು. ಬರೆದದ್ದನ್ನು ಅದೇ ಓಣಿಗೆ ಹೋಗಿ ಜನರಿಗೆ ಓದಿ ಹೇಳಬೇಕು. ಹುಡುಗರು ಗೊಣಗಿದರು. ಪೂರ್ವಾ ಕೂಡ ಗೊಣಗುತ್ತಲೇ ಎರಡನೇ ಸಲ ಹನ್ನೂರಿನ ಬಸ್ಸು ಹತ್ತಿದಳು. ಓಣಿಯಲ್ಲಿ ಕಸ್ತೂರಬಾಯಿ ಎಂಬ ಅಜ್ಜಿ ಬಿಸಿಲಿಗೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಪಂಚಾಯತಿಗಾಗಿ ಮರಾಠಿಯಲ್ಲಿ ಬರೆದಿದ್ದ ಯಾದಿಯನ್ನು ಪೂರ್ವಾ ಕನ್ನಡದಲ್ಲಿ ಹೇಳುತ್ತ ಹೋದಳು. ಅಜ್ಜಿಯ ಕೈ ನಿಂತಿತು.

"ಯಾರೂ ಇಲ್ಲ ಅಂತ ನಿನಗ ಯಾರ ಹೇಳಿದ್ರು? ಕುರಿ ಹೊಡಕೊಂಡು ಹೋಗ್ಯಾರ. ಹೋಗೂ ಮುಂದ ಬಾಗಲಿಗೆ ಮುಳ್ಳ ಇಟ್ಟು ಹೋಗ್ತಾರ, ಮಳಿ ಬೀಳೂದ್ರಾಗ ತಿರುಗಿ ಬರ್ತಾರ. ತಿರುಗಿ ಬರದವ್ರು ಮುಳ್ಳ ಯಾಕ ಇಡ್ತಾರವ್ವಾ?"

ಆಮೇಲೆ ಅಜ್ಜಿ ಇನ್ನೊಂದು ಸಂಗತಿ ಹೇಳಿದಳು. ಬರೀ ಐದು ಮನೆಗಾಗಿ ಪೈಪು ಓಣಿಯೊಳಗೆ ಬರುವುದಿಲ್ಲವಂತೆ, ಗುಡಿಯ ಹತ್ತಿರವೇ ನಿಲ್ಲುತ್ತದಂತೆ. ತನ್ನ ಅರ್ಧ ತಾಸಿನ ಚುರುಕಿಗೆ ಹನ್ನೊಂದು ಮನೆಯ ಹೆಂಗಸರು ಇನ್ನೆಷ್ಟು ವರ್ಷ ಕೊಡ ಹೊರಬೇಕೋ ಎಂದು ಪೂರ್ವಾಳಿಗೆ ಅಲ್ಲಿಯೇ ನಾಚಿಕೆಯಾಯಿತು.

ಮನೆಗೆ ಬಂದು ತಂದೆ ಮಲ್ಲಿಕಾರ್ಜುನರ ಮುಂದೆ ಎಲ್ಲ ಹೇಳಿದಳು. ಅವರು ಮೂವತ್ತು ವರ್ಷ ಕಚೇರಿಯಲ್ಲಿ ಕಾರಕೂನಿಕೆ ಮಾಡಿದವರು. ಮುಚ್ಚಿದ ಫೈಲು ತೆರೆದವನೇ ಬೈಸಿಕೊಳ್ಳುವುದನ್ನು ಕಂಡವರು.

"ಕಾಗದ ಕೊಟ್ಟಾಗ್ಯದ, ಮಾರ್ಕ್ಸ್ ಬರ್ತಾವ," ಎಂದರು. "ಈಗ ಚೂಕ್ ಆಗ್ಯದ, ತಪ್ಪಿ ಬರದೀನಿ ಅಂತ ಹೇಳಕೋತ ಹೋದ್ರ ನಿನ್ನ ಹೆಸರ ಕೆಡ್ತದ. ಸುಮ್ಮನಿರು."

ಪೂರ್ವಾ ಸುಮ್ಮನಿರಲಿಲ್ಲ. ಅಂಜುತ್ತಲೇ ಮಂದಾಕಿನಿ ಮ್ಯಾಡಮ್‌ಗೆ ಫೋನು ಹಚ್ಚಿದಳು. ಅವರು ಬೈಯಲಿಲ್ಲ. ಯಾದಿ ಇನ್ನೂ ಪಕ್ಕಾ ಆಗಿಲ್ಲ, ಜನವರಿ ಇಪ್ಪತ್ತಾರರ ಗ್ರಾಮಸಭೆಯಲ್ಲಿ ಓದುತ್ತಾರೆ, ಅಲ್ಲಿ ಊರಿನ ಮತದಾರರು ಎದ್ದು ನಿಂತು ತಿದ್ದಿಸಬಹುದು ಎಂದರು. ನಾಲ್ಕು ದಿನ ಉಳಿದಿತ್ತು.

ಕಸ್ತೂರಬಾಯಿಯ ಕಡೆಯಿಂದ ಒಂದು ನಂಬರು ಸಿಕ್ಕಿತು. ಮುಳ್ಳು ಇಟ್ಟ ಆರು ಮನೆಗಳಲ್ಲೊಂದರ ಗೊಲ್ಲಾಳಪ್ಪ ಮತ್ತು ಗುರುಬಾಯಿ ಎಂಬ ಗಂಡಹೆಂಡಿರ ಕುರಿಗಳು ಅಕ್ಕಲಕೋಟದ ಆಚೆ, ತೊಗರಿ ಕೊಯ್ದ ಹೊಲವೊಂದರಲ್ಲಿದ್ದವು. ಮಗಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ಮಲ್ಲಿಕಾರ್ಜುನರು ಸ್ಕೂಟರ್ ತೆಗೆದರು. ದಾರಿಯುದ್ದಕ್ಕೂ ಮುಖ ಬಿಗಿದುಕೊಂಡೇ ಇದ್ದರು.

ಗೊಲ್ಲಾಳಪ್ಪ ಚಹಾ ಕೊಡಿಸಿದ, ಮಾತನ್ನೆಲ್ಲ ಕೇಳಿದ, ಆಮೇಲೆ ತಲೆ ಅಲ್ಲಾಡಿಸಿದ.

"ವರ್ಷದಾಗ ಅರ್ಧ ನಾವು ಊರಾಗ ಇರಾಂಗಿಲ್ಲ. ಸಭಾದಾಗ ನಮ್ಮನ್ನ ಯಾರ ಕೇಳ್ತಾರ? ನೀನ ಬರದೀದಿ, ನೀನ ತಿದ್ದಿ ಕೊಡು."

"ಕಾಕಾ, ನಾ ಮಾಡಿದ ಚೂಕ್ ನಾನ ಹೇಳ್ತೀನ್ರಿ," ಎಂದಳು ಪೂರ್ವಾ. "ಆದ್ರ ಆ ಊರಾಗ ನನಗ ಮತ ಇಲ್ಲ, ನಿಮಗದ. ನಾ ಹೇಳಿದ್ರ ಸೊಲ್ಲಾಪುರದ ಹುಡುಗಿ ಏನೋ ಅಂದ್ಳು ಅಂತಾರ. ನೀವು ಹೇಳಿದ್ರ ಬರಕೋಬೇಕಾಗ್ತದ."

ಕುರಿ ಬಿಟ್ಟು ಬರುವುದು ಹೇಗೆ ಎಂದು ಗೊಲ್ಲಾಳಪ್ಪ ಇನ್ನೊಂದು ನೆಪ ತೆಗೆದ. ಆಗ ಗುರುಬಾಯಿ ನಡುವೆ ಬಾಯಿ ಹಾಕಿದಳು.

"ಕುರಿ ನೀವ ನೋಡ್ರಿ. ನಾ ಹೋಗ್ತೀನಿ. ನೀರ ಹೊರಾಕಿ ನಾನ ಅಲ್ಲ?"

ಗೊಲ್ಲಾಳಪ್ಪ ಒಪ್ಪಿದ. ಉಳಿದ ಮನೆಗಳವರಿಗೆ ಅವನೇ ಫೋನು ಮಾಡಿ ಕೊಟ್ಟ.

ಇಪ್ಪತ್ತಾರರಂದು ಧ್ವಜ ಏರಿದ ಮೇಲೆ ಸಾಲೆಯ ಅಂಗಳದಲ್ಲಿ ಸಭೆ ಕೂಡಿತು. ಪಂಚಾಯತಿಯ ಗ್ರಾಮಸೇವಕರು ಯಾದಿ ಓದಿದರು. ಗುಡಿ ಹಿಂದಿನ ಓಣಿ, ಐದು ಮನೆ. ಪೂರ್ವಾ ಸಭೆ ನಡೆಸುತ್ತಿದ್ದ ಸರಪಂಚರ ಅಪ್ಪಣೆ ಕೇಳಿ ಎದ್ದು ನಿಂತಳು. ತಾನು ಯಾರನ್ನೂ ಕೇಳದೆ ಬರೆದೆ, ಅದು ತನ್ನದೇ ತಪ್ಪು ಎಂದಳು. ಹಾಗಾದರೆ ಉಳಿದ ಓಣಿಗಳ ಯಾದಿಯನ್ನಾದರೂ ಹೇಗೆ ನಂಬುವುದು ಎಂದು ಹಿಂದಿನಿಂದ ಊರಿನವರೊಬ್ಬರು ಕೇಳಿದರು. ಆ ಮಾತು ಅವಳಿಗೆ ಚುಚ್ಚಿತು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲ ಓಣಿಗಳಿಗೂ ಮತ್ತೊಮ್ಮೆ ಹೋಗಿ ಓದುತ್ತೇವೆ ಎಂದು ಮಾತು ಕೊಟ್ಟು ಕುಳಿತಳು.

ಆಗ ಗುರುಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಅಷ್ಟು ಜನರ ನಡುವೆ ಅವಳು ಒಮ್ಮೆಯೂ ಮಾತಾಡಿದವಳಲ್ಲ.

"ನಾವು ಹೊಟ್ಟಿಪಾಡಿಗೆ ಹೊರಗ ಹೋಗೀವ್ರಿ, ಊರ ಬಿಟ್ಟು ಹೋಗಿಲ್ಲ," ಎಂದಳು. "ನಮ್ಮ ಆರು ಮನಿ ಬರಕೋರಿ."

ಆರೂ ಮನೆಯವರ ಹೆಸರನ್ನು ಒಂದೊಂದಾಗಿ ಹೇಳಿದಳು. ಉಳಿದ ಮನೆಗಳಿಂದ ಬಂದಿದ್ದ ನಾಲ್ವರು ಹೆಂಗಸರೂ ಎದ್ದು ಅವಳ ಬದಿಗೆ ನಿಂತರು. ಗ್ರಾಮಸೇವಕರು ಬರೆದುಕೊಂಡು ಮತ್ತೆ ಓದಿದರು. ಹನ್ನೊಂದು ಮನೆ. ನಳ ಬರಲು ಇನ್ನೂ ಕೆಲವು ತಿಂಗಳು ಬೇಕು, ಆದರೆ ಪೈಪು ಈಗ ಗುಡಿ ದಾಟಿ ಬರಲೇಬೇಕು.

ಸಭೆಗೆ ಬಂದು ಹಿಂದೆ ನಿಂತಿದ್ದ ಮಲ್ಲಿಕಾರ್ಜುನರು ಮನೆಗೆ ಹೊರಡುವಾಗ ಮಗಳಿಗೆ ಮೆಲ್ಲಗೆ, "ಸುಮ್ಮನಿರು ಅಂದಿದ್ದು ನಂದು ಚೂಕ್," ಎಂದರು. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಈ ಮಾತು ಯಾರೂ ಕೇಳಿರಲಿಲ್ಲ. ಮುಂದಿನ ವಾರ ಹುಡುಗರು ಉಳಿದ ಓಣಿಗಳಿಗೆ ಹೋದಾಗ, ಒಂದು ಯಾದಿ ಹಿಡಿದುಕೊಂಡು ಅವರೂ ಬಂದರು.

ಕಾಲೇಜಿನ ಗೆಳೆಯ ಗೆಳತಿಯರೇ, ಊರಿಗೆ ಹೋಗಿ. ಅಂಕಕ್ಕಾಗಿ ಹೋದರೂ ಅಡ್ಡಿಯಿಲ್ಲ, ಆದರೆ ಕೇಳಿ ಬರೆಯಿರಿ, ಬರೆದದ್ದನ್ನು ಓದಿ ಹೇಳಿ, ತಪ್ಪಿದರೆ ಅದೇ ಜನರ ಮುಂದೆ ನಿಂತು ಒಪ್ಪಿಕೊಳ್ಳಿ. ಅಕ್ಕಂದಿರೇ, ಅಣ್ಣಂದಿರೇ, ಕಾಗದ ಹಿಡಿದ ಹುಡುಗರು ನಿಮ್ಮ ಓಣಿಗೆ ಬಂದರೆ ಏನು ಬರೆದಿರಿ ಎಂದು ಕೇಳಿ. ಮುಂದಿನ ಗ್ರಾಮಸಭೆ ಯಾವಾಗ ಎಂದು ಇಂದೇ ತಿಳಿದುಕೊಳ್ಳಿ, ಅಂದು ಮನೆಗೊಬ್ಬರಾದರೂ ಹೋಗಿ ಕುಳಿತುಕೊಳ್ಳಿ. ನಿಮ್ಮ ಮನೆಯಲ್ಲಿ ಜನ ಇದ್ದಾರೆ ಎಂಬುದನ್ನು ನೀವಲ್ಲದೆ ಇನ್ಯಾರು ಹೇಳಬೇಕು?