ಹದಿನೇಳನೇ ಟವರಿನ ನೆತ್ತಿ

ತಪಾಸಣೆಗೆ ಇನ್ನು ಡ್ರೋನ್ ಬರುತ್ತದೆ ಎಂದು ಕೇಳಿದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಮಾತ್ರ ಬೆವತಿತ್ತು.

ನಾನು ಹೈಟೆನ್ಷನ್ ಲೈನಿನ ಟವರ್ ಹತ್ತುವವನು. ಜೊತೆಯವರು ಇಟ್ಟ ಹೆಸರು ಕೋತಿ. ಅದನ್ನು ಬಿರುದೆಂದೇ ತಿಳಿದಿದ್ದೆ. ನಮ್ಮಲ್ಲೊಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ತುದಿಗೆ ಹತ್ತಿ, ಬೋಲ್ಟುಗಳನ್ನು ಪರೀಕ್ಷಿಸಿ, ನೆತ್ತಿಯ ತಗಡಿನ ಮೇಲೆ ಆ ವರ್ಷದ ಇಸವಿಯನ್ನು ಬಣ್ಣದಲ್ಲಿ ಬರೆದು ಇಳಿಯಬೇಕು. ಬರೆದದ್ದು ನಿಜವೇ ಎಂದು ನೋಡಲು ಇನ್ನೊಬ್ಬ ಹತ್ತಬೇಕು. ಆ ಇನ್ನೊಬ್ಬ ಯಾವತ್ತೂ ಹತ್ತಲಿಲ್ಲ.

ಹೆದ್ದಾರಿ ಪಕ್ಕದ ಹದಿನೇಳನೆಯದು ಎಲ್ಲಕ್ಕಿಂತ ಎತ್ತರ, ಹಾಗಾಗಿ ನನಗೇ ಮೀಸಲು. ಎಂಟು ವರ್ಷದ ಹಿಂದೆ ಅದರ ತುದಿಯಲ್ಲಿ ಕಾಲು ಜಾರಿತು. ಬೆಲ್ಟಿನಲ್ಲಿ ನೇತಾಡುತ್ತಾ, ಕೆಳಗೆ ಬೆಂಕಿಪೊಟ್ಟಣದಂಥ ಲಾರಿಗಳನ್ನು ನೋಡಿದೆ. ಹೇಗೋ ಮತ್ತೆ ಕಂಬಿ ಹಿಡಿದ ಮೇಲೆ ಒಂದೇ ಯೋಚನೆ: ಸಾಕು, ಇನ್ನು ಹತ್ತುವುದಿಲ್ಲ. ಭಯ, ಬೇರೇನಲ್ಲ. ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ನಾನು ನಿವೃತ್ತನಾಗುವವರೆಗಿನ ಹತ್ತೂ ಇಸವಿಗಳನ್ನು ಒಂದರ ಕೆಳಗೊಂದು ಬರೆದು ಇಳಿದುಬಿಟ್ಟೆ. ಕಾಗೆಗಳಿಗೆ ಓದು ಬರುವುದಿಲ್ಲವಲ್ಲ.

ಅಂದಿನಿಂದ ವರ್ಷಾವರ್ಷ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, ‘ಎಲ್ಲ ಸರಿ’ ಎಂದು ವರದಿ ಬರೆದೆ. ಮನೆಗೆ ಬಂದು ಊಟದ ಹೊತ್ತಿಗೆ ಮೇಲಿನ ಗಾಳಿಯನ್ನು ವರ್ಣಿಸಿದೆ. ಮಗಳು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಟವರಿನ ಹುಚ್ಚು ಹಿಡಿದು, ಡ್ರೋನ್ ಹಾರಿಸಲು ಕಲಿತಳು. ಈಗ ಡ್ರೋನ್ ಕಂಪನಿ ನಮ್ಮ ತಪಾಸಣೆಗೆ ಕಳಿಸಿದ್ದು ಅವಳನ್ನೇ. ಮಾಡಿದ್ದುಣ್ಣೋ ಮಾರಾಯ!

“ಅಪ್ಪ, ಮೊದಲು ನಿನ್ನ ಟವರೇ,” ಎಂದಳು ಹೆಮ್ಮೆಯಿಂದ.

“ಅದಕ್ಕೇನಾಗಿದೆ ಪುಟ್ಟೀ, ಸರಿಯಾಗೇ ಇದೆ. ಗಾಳಿ ಬೇರೆ ಜಾಸ್ತಿ. ನಿನ್ನ ಮೆಷಿನ್ ಬಿದ್ದುಬಿಟ್ಟೀತು.”

“ಒಂದು ಎಲೆ ಕೂಡ ಅಲ್ಲಾಡ್ತಿಲ್ಲಪ್ಪ.”

ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಡ್ರೋನ್ ನಾನು ಬೆವರೊರೆಸಿಕೊಳ್ಳುವಷ್ಟರಲ್ಲಿ ಮುಗಿಸಿತು. ಪರದೆಯ ಮೇಲೆ ನೆತ್ತಿಯ ತಗಡು ಬಂತು. ಇಲಾಖೆ ಕೊಟ್ಟ ಸಾಮಾನಿನಲ್ಲಿ ಆ ಬಣ್ಣವೊಂದೇ ಅಸಲಿ, ಒಂದಂಕಿಯೂ ಮಾಸಿರಲಿಲ್ಲ. ಮಗಳು ಬೆರಳಿಟ್ಟು ಒಂದೊಂದೇ ಇಸವಿ ಓದಿದಳು. ಈ ವರ್ಷದ್ದನ್ನು ದಾಟಿದಾಗ ಬೆರಳು ನಿಂತಿತು.

ಅವಳು ನನ್ನ ಮುಖ ನೋಡಲಿಲ್ಲ. ಫೋಟೊ ತೆಗೆದು, ಡ್ರೋನಿನ ಕ್ಯಾಮೆರಾವನ್ನು ತಗಡಿನ ಕೆಳಕ್ಕೆ ತಿರುಗಿಸಿದಳು. ತಂತಿ ಹಿಡಿದಿದ್ದ ದೊಡ್ಡ ಬೋಲ್ಟು ಅರ್ಧ ಹೊರಗೆ ಬಂದಿತ್ತು. ಅದರ ಕೆಳಗೇ ಹೆದ್ದಾರಿ.

“ಹತ್ತಿ ಎಷ್ಟು ವರ್ಷ ಆಯ್ತಪ್ಪ?”

“ಎಂಟು.”

ಕೆಲಸ ಹೋದರೆ ಹೋಗಲಿ, ಇವಳು ಇನ್ನೆಂದೂ ನನ್ನ ಮಾತು ನಂಬದೆ ಹೋದರೆ? ಅಷ್ಟರಲ್ಲಿ ನಮ್ಮ ಎಂಜಿನಿಯರ್ ಸಾಹೇಬರು ಜೀಪಿನಿಂದಿಳಿದು ಬಂದು, ಕನ್ನಡಕ ಏರಿಸಿ ಫೋಟೊಗಳನ್ನು ನೋಡಿದರು. ಬೋಲ್ಟು ನೋಡಿ ಲೊಚಗುಟ್ಟಿದರು. ತಗಡು ನೋಡಿ ಹುಬ್ಬೇರಿಸಿದರು.

“ಇದೇನಮ್ಮ, ಇನ್ನೂ ಬರದೇ ಇರೋ ವರ್ಷಗಳೂ ಇವೆ?”

ನಾನು ಕಣ್ಣು ಮುಚ್ಚಿಕೊಂಡೆ.

“ಅದು ಹತ್ತಬೇಕಾದ ವರ್ಷಗಳ ಪಟ್ಟಿ ಸಾರ್,” ಎಂದಳು ಮಗಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. “ಮರೀಬಾರದು ಅಂತ ಅಪ್ಪ ಮುಂಚೇನೇ ಬರೆದಿಟ್ಟಿದ್ದಾರೆ.”

ಇಷ್ಟು ವರ್ಷ ನನ್ನ ಕಡೆ ತಿರುಗಿಯೂ ನೋಡದ ಸಾಹೇಬರು ಬೆನ್ನು ತಟ್ಟಿದರು. “ಎಂಥಾ ದೂರದೃಷ್ಟಿ ರೀ! ನಮ್ಮ ಲೈನಿನ ನಲವತ್ತು ಟವರಿಗೂ ಹೀಗೇ ಬರೆಸೋಣ. ಬೇರೆಯವರ ಕೈಲಿ ಆಗೋ ಕೆಲಸ ಅಲ್ಲ ಇದು, ನೀವೇ ಹತ್ತಿ.”

ಲೈನ್ ಆಫ್ ಮಾಡಿಸಿ ಅವರು ಹೊರಟುಹೋದರು. ಮಗಳು ವ್ಯಾನಿನಿಂದ ಹೊಸ ಬೆಲ್ಟು ತಂದು ನನ್ನ ಸೊಂಟಕ್ಕೆ ತಾನೇ ಬಿಗಿದಳು, ಚಿಕ್ಕಂದಿನಲ್ಲಿ ನಾನು ಅವಳ ಶೂ ಲೇಸು ಕಟ್ಟುತ್ತಿದ್ದಷ್ಟೇ ಜೋಪಾನವಾಗಿ.

“ಮೊದಲು ಆ ಬೋಲ್ಟು,” ಎಂದಳು.

“ಭಯ ಆಗುತ್ತೆ ಕಣೇ.”

“ಗೊತ್ತು. ಡ್ರೋನ್ ನಿನ್ನ ಜೊತೇಲೇ ಬರುತ್ತೆ, ಮೇಲಿನ ತನಕ. ಆದರೆ ಅಪ್ಪ, ಇವತ್ತು ಊಟದ ಹೊತ್ತಲ್ಲಿ ಗಾಳಿ ಕತೆ ಬೇಡ. ನಾನೇ ನೋಡಿರ್ತೀನಿ.”