ತೊಳೆಯದ ಲಾರಿ

ಹಾಲಿನಕ್ಕನ ಕೆಂಪಿ ಕರು ಹಾಕಿ ಹನ್ನೆರಡು ದಿನವಾಗಿತ್ತು. ಹಸು ಗಟ್ಟಿಯಾಗಿತ್ತು, ಕರು ಚುರುಕಾಗಿತ್ತು, ಆದರೆ ಮೇವಿನ ಕೋಣೆ ಖಾಲಿಯಾಗುತ್ತ ಬಂದಿತ್ತು. ಉಳಿದ ಎರಡು ಕಂತೆ ಹುಲ್ಲನ್ನು ಮೂರು ಹಸುಗಳಿಗೆ ಹಂಚುವಾಗ, ಮಕ್ಕಳನ್ನು ಅರ್ಧ ಊಟದಲ್ಲಿ ಎಬ್ಬಿಸಿದಷ್ಟು ಸಂಕಟ ಅವಳಿಗೆ. ಆ ಓಣಿಯ ಹದಿನಾಲ್ಕು ಮನೆಗೆ ಹಾಲು ಹೋಗುವುದು ಅವಳ ಕೊಟ್ಟಿಗೆಯಿಂದಲೇ. ಅದಕ್ಕೇ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಹಾಲಿನಕ್ಕ.

ಭಾನುವಾರ ಸಂಜೆ ಓಣಿಯ ತಿರುವಿನಲ್ಲಿ ಲಾರಿಯ ಹಾರ್ನ್ ಕೇಳಿತು. ಅವಳ ತಮ್ಮ ಬಂದಿದ್ದ. ಊರೂರಿನ ಕುರಿಗಳನ್ನು ಬಂದರಿಗೆ ಸಾಗಿಸುವುದು ಅವನ ಕೆಲಸ. ಅಲ್ಲಿಂದ ಕುರಿಗಳು ಹಡಗು ಹತ್ತಿ ಬೇರೆ ದೇಶಕ್ಕೆ ಹೋಗುತ್ತಿದ್ದವು.

“ಅಕ್ಕಾ, ನಿನ್ನ ಬಾಣಂತಿಗೆ ಉಡುಗೊರೆ ತಂದಿದೀನಿ!” ಎನ್ನುತ್ತ ಅವನು ನಾಲ್ಕು ಕಂತೆ ಹುಲ್ಲನ್ನು ಕೆಳಗೆ ಎಸೆದ. ಹಸಿರು ಮಾಸದ, ಘಮಘಮಿಸುವ ಹುಲ್ಲು. “ಬಂದರಿನ ದೊಡ್ಡೀಲಿ ಕುರಿ ಇಳಿಸಿದ ಮೇಲೆ ಉಳೀತು. ಸುಟ್ಟುಹಾಕಿ ಅಂತಾರೆ ಅಲ್ಲಿ. ಇಂಥಾ ಹುಲ್ಲು ಸುಡೋಕೆ ಮನಸ್ಸು ಬರುತ್ತಾ?”

ಅವಳಿಗೆ ಕಣ್ಣು ತುಂಬಿ ಬಂತು. ದಾರಿಯುದ್ದಕ್ಕೂ ಅಕ್ಕನ ಹಸುವನ್ನು ನೆನೆಸಿಕೊಂಡು ಬಂದಿದ್ದಾನಲ್ಲ! ಆಮೇಲೆ ಲಾರಿಯ ಒಳಗೆ ಇಣುಕಿದಳು. ಹಲಗೆಯ ಸಂದಿಯಲ್ಲೆಲ್ಲ ಒಣಗಿದ ಹಿಕ್ಕೆ, ಉಣ್ಣೆಯ ಎಳೆ, ಕೆಸರು.

“ಏನೋ ಇದು, ಲಾರಿ ತೊಳೆಸಿಲ್ವಾ? ಬಂದರಿಂದ ಹೊರಡೋ ಮುಂಚೆ ತೊಳೀಲೇಬೇಕು ಅಂತ ನೀನೇ ಗೊಣಗ್ತಿದ್ದೆ.”

“ತೊಳೆಯೋ ಜಾಗದಲ್ಲಿ ಹನ್ನೊಂದು ಲಾರಿ ನಿಂತಿದ್ವು. ಅಕ್ಕನ ಹಸು ಕರು ಹಾಕಿದೆ, ಬೇಗ ಹೋಗಬೇಕು ಅಂದೆ. ಕಾವಲಿನವನು ಒಳ್ಳೇ ಮನುಷ್ಯ. ಹೋಗಣ್ಣ ಅಂತ ಚೀಟಿ ಬರೆದು ಮೊಹರು ಒತ್ತಿಕೊಟ್ಟ.”

“ತೊಳೆದಿದೆ ಅಂತ?”

“ಇನ್ನೇನು, ತೊಳೆದಿಲ್ಲ ಅಂತ ಬರೆದುಕೊಡ್ತಾನಾ? ಒಂದು ಲಾರಿ ತೊಳೀದಿದ್ರೆ ಏನು ಮುಳುಗೋಗುತ್ತೆ? ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುತ್ತಾ?”

“ಅಕ್ಕ ಇನ್ನೂ ಸತ್ತಿಲ್ಲ ಕಣೋ. ಕೈಕಾಲು ತೊಳ್ಕೊಂಡು ಒಳಗೆ ಬಾ.”

ಅವನು ಕೈ ತೊಳೆದ. ಬೂಟು ಹಾಕಿಕೊಂಡೇ ಕೊಟ್ಟಿಗೆಗೆ ಹೋಗಿ ಕರುವಿನ ಗದ್ದ ತುರಿಸಿದ. ಹಾಲಿನಕ್ಕ ಹೊಸ ಹುಲ್ಲನ್ನು ಕೆಂಪಿಯ ಮುಂದೆ ಹಾಕಿದಳು. ಕೆಂಪಿ ತಲೆ ಎತ್ತದೆ ಮೇಯಿತು.

ಸೋಮವಾರ ಬೆಳಿಗ್ಗೆ ಅದೇ ಲಾರಿಗೆ ಪಕ್ಕದ ಮನೆಯ ಕುರಿಯಜ್ಜನ ನಲವತ್ತು ಕುರಿಗಳು ಹತ್ತಬೇಕಿತ್ತು. ಹಡಗು ಹತ್ತುವ ಕುರಿಗಳು ಮೂರು ವಾರ ಬೇರೆಯೇ ಇರಬೇಕು, ಹೊರಗಿನ ಪ್ರಾಣಿ ಹತ್ತಿರ ಸುಳಿಯಬಾರದು ಎಂಬುದು ನಿಯಮ. ಅಜ್ಜ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ತಾನು ಒಳಗೆ ಹೋಗುವಾಗಲೂ ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕಾಲು ಅದ್ದಿಯೇ ಹೋಗುತ್ತಿದ್ದ. ಇಪ್ಪತ್ತೊಂದು ದಿನ ಒಮ್ಮೆಯೂ ತಪ್ಪಿಸಿರಲಿಲ್ಲ.

“ಮಗಾ, ಲಾರಿ ನಾರ್ತಾ ಇದೆಯಲ್ಲೋ,” ಎಂದ ಅಜ್ಜ.

“ಕುರಿ ಲಾರಿ ಅಜ್ಜ, ಮಲ್ಲಿಗೆ ಲಾರಿ ಅಲ್ಲ. ತಗೋ, ತೊಳೆದ ಚೀಟಿ ನೋಡು.”

ಅಜ್ಜನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುತ್ತಿರಲಿಲ್ಲ. ಮೊಹರಿನ ಮೇಲೆ ಹೆಬ್ಬೆರಳು ಸವರಿ, ತಲೆದೂಗಿ, ಕುರಿ ಹತ್ತಿಸಿದ. ಹಾಲಿನ ಕ್ಯಾನು ಹಿಡಿದು ಅಲ್ಲೇ ನಿಂತಿದ್ದ ಹಾಲಿನಕ್ಕನ ನಾಲಗೆಯ ತುದಿಗೆ ಮಾತು ಬಂತು. ನಾಲ್ಕು ಜನರ ಮುಂದೆ ತಮ್ಮನ ಮರ್ಯಾದೆ ಏಕೆ ತೆಗೆಯಲಿ ಎಂದು ನುಂಗಿಕೊಂಡಳು.

ಶುಕ್ರವಾರ ಬೆಳಿಗ್ಗೆ ಕೆಂಪಿಯ ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಹುಲ್ಲು ಮುಟ್ಟಿರಲಿಲ್ಲ. ಒಂದು ಕಾಲು ಎತ್ತಿ ಇಳಿಸಿ, ಇನ್ನೊಂದು ಕಾಲು ಎತ್ತಿ ಇಳಿಸಿ, ಬಿಸಿ ಹೆಂಚಿನ ಮೇಲೆ ನಿಂತಂತೆ ನಿಂತಿತ್ತು. ಕರು ಮೊಲೆಗೆ ಬಾಯಿ ಹಾಕಿದರೆ ಒದೆಯಿತು. ಎಂದೂ ಒದೆಯದ ಹಸು. ಹಾಲಿನಕ್ಕ ಬಗ್ಗಿ ನೋಡಿದಳು. ಮೊಲೆತೊಟ್ಟಿನ ಮೇಲೆ ನೀರುಗುಳ್ಳೆ.

ಅವಳು ಸೂಜಿ ಮೇಡಂಗೆ ಫೋನು ಮಾಡಿದಳು. ದನಕರುಗಳಿಗೆ ಲಸಿಕೆ ಹಾಕುವ ಸರ್ಕಾರಿ ಕೆಲಸದವಳಿಗೆ ಊರಿನವರು ಪ್ರೀತಿಯಿಂದ ಇಟ್ಟ ಹೆಸರು ಅದು. ಅರ್ಧ ಗಂಟೆಯಲ್ಲಿ ಅವಳು ಬಂದಳು. ಸ್ಕೂಟರನ್ನು ಓಣಿಯ ಹೊರಗೇ ನಿಲ್ಲಿಸಿ, ಬೂಟು ತೊಳೆದು, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ಬಂದಳು. ಕೆಂಪಿಯ ಬಾಯಿ ತೆರೆದು ನೋಡಿದಾಗ ನಾಲಗೆಯ ಸಿಪ್ಪೆ ಸುಲಿದಿತ್ತು.

“ಕಾಲುಬಾಯಿ ಜ್ವರ, ಅಕ್ಕ.”

“ನನ್ನ ಕೆಂಪಿಗಾ? ಉಳಿದ ಎರಡೂ ಚೆನ್ನಾಗೇ ಇವೆಯಲ್ಲ?”

“ಅವಕ್ಕೆ ಲಸಿಕೆ ಆಗಿತ್ತು. ಇದು ತುಂಬು ಗಬ್ಬ, ಈಗ ಬೇಡ ಅಂದೆ ನೀನು. ಕರು ಹಾಕಿದ ಮೇಲೆ ಹೇಳಿ ಕಳಿಸು ಅಂದಿದ್ದೆ ನಾನು.”

ಹಾಲಿನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮರೆತೆ.”

“ಆಯ್ತು ಬಿಡು. ಈಗ ಒಂದು ವಿಷಯ ಹೇಳು. ಈ ವಾರ ಹೊರಗಿನವರು ಯಾರಾದ್ರೂ ಕೊಟ್ಟಿಗೆಗೆ ಬಂದಿದ್ರಾ? ಹೊರಗಿನ ಹುಲ್ಲು, ಗಾಡಿ ಏನಾದ್ರೂ?”

“ಇಲ್ಲ,” ಎಂದಳು ಹಾಲಿನಕ್ಕ. “ಹುಲ್ಲು ನಮ್ಮದೇ.”

ಸೂಜಿ ಮೇಡಂ ಗೋದಲಿಯಲ್ಲಿದ್ದ ಹಸಿರು ಹುಲ್ಲನ್ನು ನೋಡಿದಳು. ಆಮೇಲೆ ಬೇಕೆಂದೇ ಬೇರೆ ಕಡೆ ನೋಡಿದಳು. ಬಕೆಟ್ ಒಂದನ್ನು ಬೋರಲು ಹಾಕಿ, ಹಾಲಿನಕ್ಕನ ಪಕ್ಕದಲ್ಲೇ ಕೂತು, ಹಸುವಿನ ಬಾಯಿ ತೊಳೆಯುವುದು ಹೇಗೆ, ಗೊರಸಿನ ಹುಣ್ಣಿಗೆ ನೊಣ ಕೂರದಂತೆ ನೋಡಿಕೊಳ್ಳುವುದು ಹೇಗೆ ಎಂದು ನಿಧಾನವಾಗಿ ಹೇಳಿಕೊಟ್ಟಳು. ಮೂರೂ ಹಸುಗಳ ಹಾಲು ಸದ್ಯ ಯಾರ ಮನೆಗೂ ಹೋಗಬಾರದು ಎಂದಳು. ಕಡೆಗೆ, “ನಿನ್ನ ತಮ್ಮ ಒಯ್ದ ಕುರಿಯಜ್ಜನ ಕುರಿಗಳು ಇವತ್ತು ಸಂಜೆ ಹಡಗು ಹತ್ತುತ್ತವೆ,” ಎಂದಳು.

“ಅವಕ್ಕೇನಾಗಿದೆ? ಕುಣೀತಾ ಹೋದವು.”

“ಮೋಸ ಇರೋದೇ ಅಲ್ಲಿ. ಹಸುವಿಗೆ ಬಂದ್ರೆ ಊರಿಗೆಲ್ಲ ಕಾಣುತ್ತೆ. ಕುರಿ ಒಂಚೂರು ಕುಂಟುತ್ತೆ, ಇಲ್ಲಾ ಅದೂ ಇಲ್ಲ. ಬಾಯಿ ತೆಗೆಸಿ ನೋಡದೆ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಪಕ್ಕದ್ದಕ್ಕೆ ಹಚ್ಚಿರುತ್ತೆ. ಆ ಹಡಗಲ್ಲಿ ಒಂಬೈನೂರು ಕುರಿ, ಮೈಗೆ ಮೈ ತಾಗಿಸ್ಕೊಂಡು ನಿಂತಿರ್ತವೆ.”

“ನಡುನೀರಲ್ಲಿ ಗೊತ್ತಾದ್ರೆ?”

“ಆ ದೇಶದವರು ಇಳಿಸ್ಕೊಳ್ಳಲ್ಲ. ಕಾಯಿಲೆ ಬಿದ್ದ ಹಡಗನ್ನ ಇಲ್ಲೂ ಸುಲಭವಾಗಿ ಸೇರಿಸಲ್ಲ. ಅತ್ತ ದರಿ ಇತ್ತ ಪುಲಿ. ಬಿಸಿಲಲ್ಲಿ, ಮೇವು ಮುಗಿದು, ನಿಂತಲ್ಲೇ ಸಾಯ್ತವೆ.” ಸೂಜಿ ಮೇಡಂ ಕೆಂಪಿಯ ಕೆಚ್ಚಲಿನ ಕಡೆ ನೋಡಿದಳು. “ಗೊತ್ತಾಗದೆ ಇಳಿದುಬಿಟ್ರೆ ಅದಕ್ಕಿಂತ ಕೆಟ್ಟದ್ದು. ಅಲ್ಲೂ ಯಾವುದೋ ಓಣೀಲಿ ಯಾವಳೋ ಒಬ್ಬಳು ಬೆಳಿಗ್ಗೆ ಎದ್ದು ಹಾಲು ಕರೀತಿರ್ತಾಳಲ್ಲ ಅಕ್ಕ.”

ಹಾಲಿನಕ್ಕ ಕರುವಿನ ಬೆನ್ನು ಸವರಿದಳು.

“ನಾನು ಈಗ ವರದಿ ಕೊಡಲೇಬೇಕು. ಬರೀ ಒಂದು ಹಸುವಿಗೆ ಜ್ವರ ಅಂದ್ರೆ, ನಾಳೆ ಬಂದು ನೋಡ್ತೀವಿ ಅಂತಾರೆ. ಕುರಿ ಹೋಗಿದ್ದು ತೊಳೆದ ಲಾರೀಲಿ ಅಂತ ಚೀಟಿ ಇದೆ. ಚೀಟಿ ನಿಜ ಆಗಿದ್ರೆ ಹಡಗು ಹೊರಡುತ್ತೆ.”

ಕರು ಇನ್ನೊಮ್ಮೆ ತಾಯಿಯ ಹತ್ತಿರ ಹೋಯಿತು, ಇನ್ನೊಮ್ಮೆ ಒದೆ ತಿಂದು ಹಿಂದೆ ಬಂತು.

“ಹೇಳಿದ್ರೆ ತಮ್ಮನ ಅನ್ನ ಹೋಗುತ್ತಾ?” ಎಂದು ಹಾಲಿನಕ್ಕ ಕೇಳಿದಳು.

“ಹೋಗಬಹುದು. ಇಲ್ಲ ಅಂತ ನಿನಗೆ ಸುಳ್ಳು ಹೇಳಲಾರೆ.”

ಹಾಲಿನಕ್ಕ ಗೋದಲಿಯ ಹುಲ್ಲಿನ ಕಡೆ ಕೈ ತೋರಿಸಿದಳು. “ಇದು ನಮ್ಮದಲ್ಲ. ಅವನು ಬಂದರಿಂದ ತಂದಿದ್ದು. ಲಾರಿ ತೊಳೆದಿಲ್ಲ. ಚೀಟಿ ಸುಳ್ಳು.” ಸೂಜಿ ಮೇಡಂ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟಳು. ಆಮೇಲೆ ಫೋನು ಹಿಡಿದು ಅಂಗಳಕ್ಕೆ ಹೋದಳು.

ಮಧ್ಯಾಹ್ನ ತಮ್ಮನ ಫೋನು ಬಂತು.

“ನೀನೇನಾ ಅಕ್ಕ? ನೀನೇ ಹೇಳಿದ್ದಾ?”

“ಹ್ಞೂಂ.”

“ನಿನಗೆ ಅಂತ ಹುಲ್ಲು ತಂದೆ. ನನ್ನ ಕುತ್ತಿಗೆಗೆ ಹಗ್ಗ ಹಾಕಿದೆ. ಪರ್ಮಿಟ್ ಕಿತ್ಕೊಂಡ್ರು. ಆ ಕಾವಲಿನವನನ್ನೂ ಮನೆಗೆ ಕಳಿಸಿದ್ರು. ಖುಷಿ ಆಯ್ತಾ?”

ಅಷ್ಟು ಹೇಳಿ ಅವನು ಫೋನು ಇಟ್ಟ.

ಕರು ಭಾನುವಾರ ಸತ್ತಿತು. ಎಳೆಗರುಗಳಿಗೆ ಈ ರೋಗ ಬಾಯಿಗಿಂತ ಮೊದಲು ಎದೆಗೆ ಬಡಿಯುತ್ತದೆ ಎಂದು ಸೂಜಿ ಮೇಡಂ ಹೇಳಿದ್ದಳು. ಬೆಳಿಗ್ಗೆ ನಿಂತಿದ್ದ ಕರು ಮಧ್ಯಾಹ್ನಕ್ಕೆ ಇರಲಿಲ್ಲ. ಬೇರೆ ಊರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಹಾಲಿನಕ್ಕನ ಗಂಡ ಸುದ್ದಿ ಕೇಳಿ ಬಂದ. ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದ. ಅಂದಿನಿಂದ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಕೊಟ್ಟಿಗೆಯ ಬಕೆಟ್‌ಗಳನ್ನು ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ ಇಡುತ್ತಿದ್ದ.

ಓಣಿಯ ಬಾಯಿಗೆ ಹಗ್ಗ ಕಟ್ಟಿದರು. ದನ, ಕುರಿ, ಹುಲ್ಲು, ಗೊಬ್ಬರ ಯಾವುದೂ ಹಗ್ಗ ದಾಟುವಂತಿರಲಿಲ್ಲ. ಹದಿನಾಲ್ಕು ಮನೆಯವರು ಹಾಲಿಗೆ ದೂರ ಹೋಗಬೇಕಾಯಿತು. ಕೆಲವರು ಮುಖ ತಿರುಗಿಸಿದರು. ಕುರಿಯಜ್ಜ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ತನ್ನ ಜಗುಲಿಯಿಂದಲೇ ಕೂಗಿದ.

“ಅವತ್ತು ಅಲ್ಲೇ ನಿಂತಿದ್ದೆಯಲ್ಲೇ ತಾಯಿ. ಒಂದು ಮಾತು ಹೇಳಬಾರದಿತ್ತಾ?”

“ತಪ್ಪಾಯ್ತು ಅಜ್ಜ.”

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು.” ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗಿದ. “ಹಸು ಇವತ್ತು ಏನಾದ್ರೂ ತಿಂತಾ?”

“ಒಂದು ಚೊಂಬು ಗಂಜಿ ಕುಡೀತು.”

“ಹ್ಞಾ. ತಣ್ಣಗೆ ಮಾಡಿ ಕೊಡು. ಬಿಸಿ ಕೊಡಬೇಡ.”

ಹನ್ನೊಂದನೆಯ ದಿನ ತಮ್ಮ ಬಂದ. ಲಾರಿ ಇಲ್ಲದೆ, ಬಸ್ಸಿನಲ್ಲಿ. ಹಗ್ಗದ ಆಚೆಯೇ ನಿಂತು ಅಕ್ಕನನ್ನು ಕರೆದ. ಅವಳು ಓಡಿ ಬಂದಳು. ಬಾ ಎನ್ನಲಿಲ್ಲ. ಅವನೂ ದಾಟಲಿಲ್ಲ.

“ಸೊರಗಿದೀಯಲ್ಲೋ. ಊಟ ಮಾಡ್ತಿದೀಯಾ?”

“ಮಾಡ್ತೀನಿ.” ಅವನು ನೆಲ ನೋಡುತ್ತ ನಿಂತ. “ಅವತ್ತು ಬಂದರಲ್ಲಿ ಕುರಿಗಳ ಬಾಯಿ ತೆಗೆಸಿ ನೋಡಿದ್ರು ಅಕ್ಕ. ನನಗೇ ಹಿಡ್ಕೊಳ್ಳೋಕೆ ಹೇಳಿದ್ರು. ಅಜ್ಜನ ಆರು ಕುರಿಗೆ ತುಟಿ ಒಳಗೆ ಗುಳ್ಳೆ. ಒಂದೂ ಕುಂಟ್ತಿರಲಿಲ್ಲ. ನಾನೇ ಇಳಿಸಿದ್ದು, ನನಗೇ ಗೊತ್ತಾಗಲಿಲ್ಲ. ಇನ್ನು ಮೂರು ಗಂಟೆ ಕಳೆದಿದ್ರೆ ಹಡಗಲ್ಲಿರ್ತಿದ್ವು.”

“ಈಗ?”

“ರೋಗ ಹರಡಬಾರದು ಅಂತ ಕೊಂದ್ರು, ಅಜ್ಜನ ನಲವತ್ತೂ ಹೋದವು. ಪಕ್ಕದ ದೊಡ್ಡೀವೂ ಒಂದಷ್ಟು. ಉಳಿದ ಎಂಟುನೂರು ಚಿಲ್ಲರೆ ಬೇರೆ ಕಡೆ ಇಟ್ಟಿದಾರೆ, ದಿನಾ ನೋಡ್ತಾರೆ. ಇವತ್ತಿನವರೆಗೂ ಚೆನ್ನಾಗಿವೆ.” ಅವನ ದನಿ ಕುಸಿಯಿತು. “ನಾನು ಬಂದರಿಂದ ತಂದಿದ್ದು ಹುಲ್ಲಲ್ಲ ಅಕ್ಕ.”

“ನನಗೆ ಅಂತ ತಂದಿದ್ದೆ. ಅದು ಗೊತ್ತು ನನಗೆ.”

“ಅದೇ ನೋಡು. ಕಾವಲಿನವನು ನನಗೆ ಪಾಪ ಅಂದ. ನಾನು ಹಸುವಿಗೆ ಪಾಪ ಅಂದೆ. ನೀನು ನನಗೆ ಪಾಪ ಅಂದೆ. ನಾವು ಮೂರೂ ಜನ ಸೇರ್ಕೊಂಡು ಕೊಂದ್ವಿ.”

ಅವಳು ಹಗ್ಗ ಹಿಡಿದು ನಿಂತಳು.

“ಒಂದು ವರ್ಷ ಪರ್ಮಿಟ್ ಇಲ್ಲ,” ಎಂದ ತಮ್ಮ. “ಅಲ್ಲೇ ಲಾರಿ ತೊಳೆಯೋ ಜಾಗದಲ್ಲಿ ಕೂಲಿಗೆ ಸೇರ್ಕೊಂಡಿದೀನಿ. ಡ್ರೈವರುಗಳು ಬೈತಾರೆ, ಬೇಗ ಬಿಡು, ಮನೇಲಿ ಕಾಯ್ತಿದಾರೆ ಅಂತ. ನಾನು ಬಿಡಲ್ಲ. ಮೊದಲು ಹಿಕ್ಕೆ ಕೆರೀತೀನಿ, ಆಮೇಲೆ ನೀರು, ಆಮೇಲೆ ಔಷಧಿ. ಚಕ್ರದ ಸಂದೀನೂ ಬಿಡಲ್ಲ.” ಅವನು ಅಜ್ಜನ ಜಗುಲಿಯ ಕಡೆ ನೋಡಿದ. “ಅಜ್ಜ ಮಾತಾಡ್ತಾನಾ?”

“ಹೋಗಿ ಕೇಳು ಅನ್ನೋಣ ಅಂದ್ರೆ ಹಗ್ಗ ಅಡ್ಡ ಇದೆ. ಇಲ್ಲಿಂದಲೇ ಕೂಗು.”

ಅವನು ಕೂಗಿದ. ಅಜ್ಜ ಬಹಳ ಹೊತ್ತು ತಿರುಗಲಿಲ್ಲ. ಖಾಲಿ ದೊಡ್ಡಿಯ ಕಡೆ ಮುಖ ಮಾಡಿಯೇ ಕೂತಿದ್ದ. ತಮ್ಮ ಎರಡನೆಯ ಸಲ ಕೂಗಿದ, “ಅಜ್ಜಾ, ಲಾರಿ ತೊಳೆದಿರಲಿಲ್ಲ. ನಾನು ಸುಳ್ಳು ಹೇಳಿದೆ.” ಆಗ ಅಜ್ಜ ಎದ್ದು, ಜಗುಲಿಯ ಅಂಚಿಗೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು ಅವನನ್ನು ನೋಡಿದ. ಒಳಗೆ ಹೋಗಲಿಲ್ಲ, ಅಲ್ಲೇ ನಿಂತ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೊಟ್ಟಿಗೆಯ ಒಂದು ಆಡು ಕೂಡ ಒಂದು ದಿನ ಸಮುದ್ರ ದಾಟಬಹುದು. ಅದು ಹತ್ತುವ ಲಾರಿಯ ಹಲಗೆಯನ್ನು ನೀವೇ ಬಗ್ಗಿ ನೋಡಿ. ನಾರುತ್ತಿದ್ದರೆ ಚೀಟಿ ಎಷ್ಟು ಚೆನ್ನಾಗಿದ್ದರೂ ಹತ್ತಿಸಬೇಡಿ. ಮೂರು ವಾರ ಬೇರೆ ಇಡಿ ಎಂದರೆ ಮೂರು ವಾರವೂ ಇಡಿ. ಸಂತೆಯಿಂದ, ಬಂದರಿನಿಂದ ಉಳಿದು ಬಂದ ಮೇವನ್ನು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಕೊಟ್ಟಿಗೆಗೆ ತರಬೇಡಿ. ಲಸಿಕೆಯ ದಿನ ತಪ್ಪಿದರೆ ನೀವೇ ಹೇಳಿ ಕಳಿಸಿ. ಜೊಲ್ಲು ಕಂಡ ದಿನ, ಕುಂಟಿದ ದಿನ, ನಾಳೆಗೆ ಬಿಡದೆ ಪಶುವೈದ್ಯರನ್ನು ಕರೆಯಿರಿ, ಅವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮವರ ಮೇಲೆ ನಿಮಗೆ ಪ್ರೀತಿಯಿದ್ದರೆ, ಲಾರಿ ಇನ್ನೂ ಅಂಗಳದಲ್ಲಿ ನಿಂತಿರುವಾಗಲೇ ಆ ಒಂದು ಮಾತು ಹೇಳಿಬಿಡಿ. ಹಾಲಿನಕ್ಕ ಅದನ್ನು ನಾಲ್ಕು ದಿನ ತಡವಾಗಿ ಹೇಳಿದಳು.