ಹದಿನೇಳನೆಯ ಹಲಗೆಯ ಕಡಲಮುಖ

“ಇಪ್ಪತ್ತೆರಡು ವರ್ಷದಿಂದ ಹಡಗಿಗೆ ಮರದ ಮಾದರಿ ಕೊಯ್ದವನಿಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ವಾ? ನೋಡ್ಕೊಂಡು ಮಾತಾಡಿ ಸ್ವಾಮಿ!” ಎಂದು ನಾನು ಕಿರುಚಿದೆ.

“ನೀನು ಬಾಯ್ಮುಚ್ಚು, ಕಿಬಲ್. ಇವತ್ತೇ ಇವನು ಗೇಟಿನಿಂದ ಆಚೆ. ಒಳ್ಳೆ ನಡತೆಯ ಕಾಗದ ಕೂಡ ಕೊಡಲ್ಲ,” ಎಂದ ವಿಟ್‌ಲಾಕ್. ನಕ್ಷೆಕೋಣೆಯವನು. ಅಂಗೈಯಲ್ಲಿ ಒಂದು ಬೊಬ್ಬೆ ಎದ್ದದ್ದು ಕಂಡವನಲ್ಲ.

ಕಾಗದವಿಲ್ಲದೆ ಆಚೆ ಹೋದವನಿಗೆ ಥೇಮ್ಸ್ ದಂಡೆಯಲ್ಲಿ ಹಡಗು ಕಟ್ಟುವ ಯಾವ ಯಾರ್ಡಿನಲ್ಲೂ ಕೆಲಸ ಸಿಗುವುದಿಲ್ಲ. ಮಾದರಿ ಕೊಯ್ಯುವ ಈನಾಕ್ ಟ್ಯಾರಂಟ್ ಐವತ್ತೆಂಟು ದಾಟಿದ್ದ. ಟೋಪಿ ಹಿಂಡುತ್ತಾ ನಿಂತಿದ್ದ.

ನಮ್ಮ ತಲೆಯ ಮೇಲೆ ಈ ಜಗಳಕ್ಕೆ ಕಾರಣವಾದ ಹಲಗೆ ಸರಪಳಿಯಲ್ಲಿ ನೇತಾಡುತ್ತಿತ್ತು. ನಾಲ್ಕೂವರೆ ಅಂಗುಲ ದಪ್ಪ, ಹದಿನೈದು ಅಡಿ ಉದ್ದ, ಮೂರೂವರೆ ಟನ್ ಕಬ್ಬಿಣ. ಹಡಗಿನ ಎಡಪಕ್ಕದಲ್ಲಿ, ಹದಿನೆಂಟು ಅಂಗುಲ ತೇಗದ ಮೇಲೆ ಕೂರಬೇಕಾದ ಕವಚ. ಹಡಗಿನ ಮೂತಿಯ ಕಡೆ ಇರಬೇಕಾದ ಕಿರಿದು ತುದಿ ಹಿಂಬದಿಗೆ ತಿರುಗಿತ್ತು. ಮಗುಚಿ ಹಾಕೋಣವೆಂದರೆ ಉಬ್ಬು ಒಳಗಾಗುತ್ತದೆ. ತೂತುಗಳೂ ಕೂಡುವುದಿಲ್ಲ. ಸುಳ್ಳು ಹೇಳಲಾರೆ, ಕಿರುಚುತ್ತಿದ್ದರೂ ನನಗೂ ಈನಾಕನ ಮೇಲೆ ಒಂದು ಗಳಿಗೆ ಅನುಮಾನ ಬಂದಿತ್ತು.

ಗಲಾಟೆ ಕೇಳಿ ಯಜಮಾನ ಡನ್‌ಸ್ಟನ್ ಇಳಿದು ಬಂದರು. “ಏನ್ರೋ ಇದು, ಮೀನು ಮಾರ್ಕೆಟ್ಟಾ?”

“ಮಾದರಿ ತರಿಸಿ ಯಜಮಾನ್ರೇ. ಅಲ್ಲೇ ಗೊತ್ತಾಗುತ್ತೆ,” ಎಂದೆ.

ಹಲಗೆಯ ಅಳತೆಗೆ ಕೊಯ್ದ ತೆಳು ಪೈನ್ ಮರದ ಮಾದರಿ ಬಂತು. ಒಂದೇ ಮಾದರಿ ಎರಡು ಪಕ್ಕಕ್ಕೂ: ಒಂದು ಮುಖ ಮೇಲಿಟ್ಟರೆ ಎಡದ ಹಲಗೆ, ಮಗುಚಿಟ್ಟರೆ ಬಲದ್ದು; ಮೇಲಾದ ಮುಖವೇ ಕಡಲ ಕಡೆಯದು. ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ‘ಹದಿನೇಳು, ಎಡ, ಈ ಮುಖ ಮೇಲೆ’ ಎಂದು ಬರೆದಿತ್ತು.

“ನೋಡಿದ್ರಾ? ಕುಲುಮೆಯವರು ಇದನ್ನೇ ಓದಿದ್ದು,” ಎಂದ ವಿಟ್‌ಲಾಕ್.

ಈನಾಕ್ ಮೊದಲ ಸಲ ಬಾಯಿ ತೆರೆದ. “ಓದಿರಬೌದು. ಬರ್ದಿದ್ದು ನಾನಲ್ಲಪ್ಪಾ. ನಂಗೆ ನನ್ನ ಹೆಸರೇ ಬರೆಯೋಕೆ ಬರಲ್ಲ. ನಾನು ಮೀನು ಬಿಡಿಸ್ತೀನಿ. ಎಡಕ್ಕಾದ್ರೆ ಮೀನಿರೋ ಮುಖ ನೀರಿನ ಕಡೆ. ಕುಲುಮೆಯೋರಿಗೆಲ್ಲ ಗೊತ್ತು.”

ನಾನು ಮಾದರಿಯನ್ನು ಮಗುಚಿದೆ. ಅಡಿಯಲ್ಲಿ ಸೀಮೆಸುಣ್ಣದ ಮೀನು, ಬಾಲ ಸಮೇತ.

ಕುಲುಮೆಯ ಮೇಸ್ತ್ರಿ ತಲೆ ಕೆರೆದುಕೊಂಡ. “ಆಫೀಸಿನ ಅಕ್ಷರ ಮೇಲಿತ್ತು ಯಜಮಾನ್ರೇ, ಮೀನು ಹುಡುಕೋಕೆ ಹೋಗ್ಲಿಲ್ಲ.”

“ಈ ಅಕ್ಷರ ಯಾರದು?” ಎಂದರು ಡನ್‌ಸ್ಟನ್.

ವಿಟ್‌ಲಾಕ್‌ನ ಕಿವಿ ಕೆಂಪಾಯಿತು. “ಇವನು ಆ ಕಡೆ ಎಲ್ಲಾ ಗೀಚಿದ್ದ. ಚೊಕ್ಕಟವಾಗಿದ್ದ ಕಡೆ ನಾನು ಬರೆದೆ.”

“ಹಾಗಾದ್ರೆ ಮೇಲೆ ನೇತಾಡ್ತಿರೋದು ಬಲಪಕ್ಕದ ಹದಿನೇಳು,” ಎಂದೆ. “ಬಲಪಕ್ಕಕ್ಕೆ ಇಟ್ಟಿರೋ ಹಲಗೆ ಇನ್ನೂ ಕಾಯಿಸಿಲ್ಲ ತಾನೇ?”

“ನಾಳೆ ಕಾಯಿಸೋದಿತ್ತು,” ಎಂದ ಮೇಸ್ತ್ರಿ.

“ಅದನ್ನೇ ಎಡಕ್ಕೆ ಬಗ್ಗಿಸು. ಮೀನು ಮೇಲೆ ಮಾಡ್ಕೊಂಡು!” ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಒಂದು ಅಂಗುಲ ಕಬ್ಬಿಣವೂ ಹಾಳಾಗಿರಲಿಲ್ಲ. ಈನಾಕ್ ತೇಗದ ದಿಮ್ಮಿಯ ಮೇಲೆ ಕುಸಿದು ಕುಳಿತ. ಅವನೂ ನಗುತ್ತಿದ್ದ. “ಬೆಳಿಗ್ಗೆಯಿಂದ ಉಚ್ಚೆ ಹಿಡ್ಕೊಂಡು ನಿಂತಿದ್ದೀನಿ ಕಣೋ ಕಿಬಲ್,” ಎಂದು ನನ್ನ ಕಿವಿಯಲ್ಲಿ ಹೇಳಿದ. ನನ್ನ ಎದೆಯೂ ಹಗುರಾಯಿತು. ಅವನನ್ನು ಅನುಮಾನಿಸಿದ್ದನ್ನು ಅಲ್ಲೇ ಒಪ್ಪಿಕೊಂಡು ಬೈಸಿಕೊಂಡೆ.

“ವಿಟ್‌ಲಾಕ್, ಟ್ಯಾರಂಟ್‌ಗೆ ತಪ್ಪಾಯ್ತು ಅಂತ ಹೇಳು. ಎಲ್ಲರ ಎದುರಿಗೇ,” ಎಂದರು ಡನ್‌ಸ್ಟನ್.

“ಮೀನು ಬರೆಯೋನಿಗೆ?”

“ಹೌದು. ಅವನಿಗೇ.”

ವಿಟ್‌ಲಾಕ್ ನಕ್ಷೆ ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೇಟಿನ ಕಡೆ ನಡೆದ. ಊಟಕ್ಕೆ ಹೋದನೆಂದು ನಾವು ಅಂದುಕೊಂಡೆವು. ಆ ದಿನವೂ ಬರಲಿಲ್ಲ, ಹಡಗು ನೀರಿಗಿಳಿದ ದಿನವೂ ಬರಲಿಲ್ಲ.